ಆಮೆ ಒಂಟಿಯಾಗಿ ಬರುವುದಿಲ್ಲ

ಸಂತೆಯಿಂದ ಎಮ್ಮೆ ತಂದ ಹುಕ್ಕೇರಿ, ಮೂಡಲಗಿ ಕಡೆಯ ಅನುಭವಿ ರೈತ ಅದನ್ನು ಹಳೆಯ ದನಗಳ ಗೋದಲಿಗೆ ನೇರವಾಗಿ ಕಟ್ಟುವುದಿಲ್ಲ. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಇದೆಯೇ ಎಂದು ಮೊದಲು ಕೈಯಾಡಿಸಿ ನೋಡುತ್ತಾನೆ. ಹಾವು, ಆಮೆಗಳನ್ನು ಕದ್ದು ಸಾಗಿಸುವವರಿಗೆ ಈ ಎಚ್ಚರ ಇರುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು ಸತ್ತ 6 ಕಪುಚಿನ್ ಕೋತಿಗಳು ಸಿಕ್ಕವು. ಬಾಲ್ ಪೈಥಾನ್ ಆಫ್ರಿಕಾದ್ದು, ಕಾಳಿಂಗ ಏಷ್ಯಾದ್ದು, ಕಪುಚಿನ್ ಅಮೆರಿಕ ಖಂಡದ್ದು. ಕಸ್ಟಮ್ಸ್‌ನವರು 78 ಪ್ರಾಣಿಗಳನ್ನು ಲೆಕ್ಕ ಹಾಕಿದರು. ನನ್ನನ್ನು ಕಾಡುವುದು ಆ ಲೆಕ್ಕಕ್ಕೆ ಸಿಗದ, ಅವುಗಳ ಮೈಮೇಲೆ, ಕರುಳಲ್ಲಿ, ಪುಪ್ಪುಸದಲ್ಲಿ ಅಡಗಿ ಬರುವ ಪರಾವಲಂಬಿಗಳು.

ಅವು ಏನು ಮಾಡಬಲ್ಲವು ಎಂಬುದು ಅಮೆರಿಕದ ಫ್ಲಾರಿಡಾದಲ್ಲಿ ಕಾಣುತ್ತಿದೆ. ಸಾಕಲು ತಂದ ಬರ್ಮಾ ಹೆಬ್ಬಾವುಗಳು ಅಲ್ಲಿನ ಜೌಗು ಪ್ರದೇಶ ಸೇರಿದಾಗ ರೇಲಿಯೆಟಿಯೆಲ್ಲಾ ಓರಿಯಂಟಾಲಿಸ್ ಎಂಬ ಏಷ್ಯಾದ ಜೀವಿಯೂ ಸೇರಿತು. ನೋಡಲು ಹುಳು; ನಿಜದಲ್ಲಿ ಏಡಿ, ಸಿಗಡಿಗಳ ದೂರದ ನೆಂಟ. ಬಾಯಿಯ ಬಳಿಯ ನಾಲ್ಕು ಕೊಕ್ಕೆಗಳಿಂದ ಹಾವಿನ ಪುಪ್ಪುಸಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೊಟ್ಟೆ ಹಾವಿನ ಮಲದಲ್ಲಿ ಹೊರಬೀಳುತ್ತದೆ. ಮಲ ತಿಂದ ಜಿರಳೆಯನ್ನು ಕಪ್ಪೆ ನುಂಗುತ್ತದೆ, ಕಪ್ಪೆಯನ್ನು ಇನ್ನೊಂದು ಹಾವು. ಹೀಗೆ ಅದು ಹೆಬ್ಬಾವೇ ಇಲ್ಲದ ಊರುಗಳ ಹಾವುಗಳಿಗೂ ತಲುಪಿದೆ. ಈ ಪಿಡುಗನ್ನು ಹಿಂದೆಂದೂ ಕಾಣದ ಅಲ್ಲಿನ ಹಾವುಗಳಲ್ಲಿ ಅದು ಹೆಬ್ಬಾವಿನಲ್ಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಇನ್ನು ಅದನ್ನು ಆ ಕಾಡಿನಿಂದ ಆರಿಸಿ ತೆಗೆಯುವ ದಾರಿಯಿಲ್ಲ.

ಕೆಲವು ಆಮೆಗಳ ಕರುಳಿನಲ್ಲಿ ತೊಂದರೆ ಕೊಡದೆ ಬದುಕುವ ಎಂಟಮೀಬಾ ಇನ್ವೇಡೆನ್ಸ್ ಹಾವಿಗೆ, ಉಡಕ್ಕೆ ದಾಟಿದರೆ ಕರುಳನ್ನೇ ಕೊಳೆಸಿ ಕೊಲ್ಲುತ್ತದೆ. ಆಮೆಯನ್ನೂ ಹಾವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬುವುದೆಂದರೆ ಈ ದಾಟುವಿಕೆಗೆ ಸೇತುವೆ ಕಟ್ಟಿಕೊಟ್ಟಂತೆ.

ರೈತನಿಗೂ ಇದರಲ್ಲಿ ಪಾಲಿದೆ. ಆಫ್ರಿಕಾದ ಆಮೆಗಳ ಮೇಲಿನ ಉಣ್ಣಿಗಳು ದನ, ಕುರಿಗಳನ್ನು ಕೊಲ್ಲುವ ಹಾರ್ಟ್‌ವಾಟರ್ ರೋಗವನ್ನು ಹರಡಬಲ್ಲವು ಎಂದು ಅಮೆರಿಕ 2000ದಲ್ಲಿ ಮೂರು ಜಾತಿಯ ಆಮೆಗಳ ಆಮದನ್ನೇ ನಿಲ್ಲಿಸಿತು.

ಇದನ್ನು ತಡೆಯುವ ಕ್ರಮ ಎಮ್ಮೆ ತಂದ ರೈತನದೇ: ಹೊಸದನ್ನು ಬೇರೆ ಇಡಬೇಕು. ಹಾವಾದರೆ ಮೂರು ತಿಂಗಳು ಪ್ರತ್ಯೇಕ ಪೆಟ್ಟಿಗೆ, ಪ್ರತ್ಯೇಕ ನೀರಿನ ಬಟ್ಟಲು, ಕೆಳಗೆ ಹಳೆಯ ಪತ್ರಿಕೆ. ಬಟ್ಟಲಲ್ಲಿ ಕರಿ ಚುಕ್ಕೆಗಳಂತೆ ಮುಳುಗಿ ಸತ್ತ ನುಸಿ ಕಂಡರೆ ಮೈಯಲ್ಲಿ ಇನ್ನಷ್ಟಿವೆ ಎಂದೇ ತಿಳಿಯಬೇಕು. ಮಲವನ್ನು ಸೂಕ್ಷ್ಮದರ್ಶಕದಡಿ ನೋಡಿಸಬೇಕು. ಔಷಧಿಯನ್ನು ಪಶುವೈದ್ಯರೇ ಹೇಳಬೇಕು. ದನದ ಹುಳು, ಉಣ್ಣಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ.

ಆದರೆ ಸಾಕಿ ಬೇಸರವಾದ ಪ್ರಾಣಿಯನ್ನು ಹತ್ತಿರದ ಹೊಳೆಗೆ ಬಿಟ್ಟರೆ ಈ ಎಚ್ಚರವೆಲ್ಲ ವ್ಯರ್ಥ. ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಷ್ಟಿದ್ದ ಕೆಂಪು ಕೆನ್ನೆಯ ಅಮೆರಿಕದ ಆಮೆ ತಟ್ಟೆಯಷ್ಟು ಬೆಳೆದಾಗ ಹಲವರು, ಪುಣ್ಯವೆಂದೇ ನಂಬಿ, ಅದನ್ನು ಕೆರೆಗೆ ಬಿಡುತ್ತಾರೆ. ಸ್ಪೇನ್‌ನಲ್ಲಿ ಈ ಜಾತಿಯಿಂದ ರಕ್ತನಾಳದಲ್ಲಿ ಬದುಕುವ ಚಪ್ಪಟೆ ಹುಳು ಅಲ್ಲಿನ ಆಮೆಗಳಿಗೆ ಅಂಟಿತು.

ನಮ್ಮ ಘಟಪ್ರಭೆಯಲ್ಲೂ ಹಿಡಕಲ್ ಜಲಾಶಯದ ನೀರು ಅಲ್ಲಿಗೇ ನಿಲ್ಲುವುದಿಲ್ಲ; ಧೂಪದಾಳ ದಾಟಿ, ಗೋಕಾಕದಲ್ಲಿ ಧುಮುಕಿ, ಕೃಷ್ಣೆಗೆ ಸೇರುತ್ತದೆ. ನಿಮ್ಮ ಮನೆಯ ಆಮೆ ಬೇಡವಾದರೆ ದಯವಿಟ್ಟು ಅದನ್ನು ಘಟಪ್ರಭೆಗೆ ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವ ತನಕ ತೊಟ್ಟಿಯಲ್ಲೇ ಇರಲಿ.