ಎಕ್ಸ್‌ರೇ, ಸ್ಕ್ಯಾನಿಂಗ್ ಮತ್ತು ಅವನ್ನು ತೆಗೆಯುವವರು: ಯಾದಗಿರಿ, ಶಹಾಪುರ, ಸುರಪುರದ ಹಿನ್ನೆಲೆಯಲ್ಲಿ

ಕರಾವಳಿಯ ನಮಗೆ ಸ್ಕ್ಯಾನಿಂಗ್ ಎಂದರೆ ಬೆಳಿಗ್ಗೆ ರಿಕ್ಷಾ ಹಿಡಿದು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಕೆಲಸ. ಸುರಪುರ ತಾಲೂಕಿನ ಹಳ್ಳಿಯವರಿಗೆ ಹಾಗಲ್ಲ. (ಆ ತಾಲೂಕಿನಲ್ಲೂ ಮಂಗಳೂರು ಎಂಬ ಒಂದು ಊರಿದೆ, ಹಿಂದೆ ಅಲ್ಲಿ ಚಿನ್ನದ ಗಣಿ ಇತ್ತು ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ.) ರೈಲು ಇರುವುದು ಯಾದಗಿರಿಗೆ ಮಾತ್ರ. ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ. ಸುರಪುರದಿಂದ ಕಲಬುರಗಿಗೆ ನೂರು ಕಿ.ಮೀ.ಗೂ ಮಿಕ್ಕಿದ ದಾರಿ. ದೊಡ್ಡ ಪರೀಕ್ಷೆಗೆಂದು ಹೊರಟರೆ ರೋಗಿಯ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ತೆಗೆದ ಚಿತ್ರ ಸರಿಯಾಗಿಲ್ಲ, ಇನ್ನೊಮ್ಮೆ ಬನ್ನಿ ಎಂದರೆ ಎಷ್ಟೋ ಮಂದಿ ಮತ್ತೆ ಹೋಗುವುದೇ ಇಲ್ಲ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. 2022ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ನಮ್ಮ ಊರುಗಳಿಂದ ಹೋದ ಧರ್ಮಭಗಿನಿಯರು, ಗುರುಗಳು, ನರ್ಸುಗಳು, ಶಿಕ್ಷಕರು ಆ ಭಾಗದಲ್ಲಿ ಸೇವೆ ಮಾಡುತ್ತಿದ್ದಾರೆ. ರೋಗಿಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸಂದರ್ಭ ಅವರಿಗೆ ಆಗಾಗ ಬರುತ್ತದೆ. ಅಂಥವರಿಗೆ ಉಪಯೋಗವಾಗಲೆಂದು ಈ ಮಾಹಿತಿ.

ಎಲ್ಲಕ್ಕಿಂತ ಮೊದಲು ತಂತ್ರಜ್ಞರ ವಿಷಯ. ಜನ ಇವರನ್ನು 'ಎಕ್ಸ್‌ರೇ ಡಾಕ್ಟ್ರು' ಎಂದು ಕರೆಯುವುದುಂಟು. ಇವರು ಡಾಕ್ಟರಲ್ಲ, ವರದಿ ಕೊಡುವವರೂ ಅಲ್ಲ. ಆದುದರಿಂದ "ಏನು ಬಂದಿದೆ ಹೇಳಿ" ಎಂದು ಇವರನ್ನು ಪೀಡಿಸಬಾರದು. ಆದರೆ ವರದಿ ಬರೆಯುವ ತಜ್ಞರಿಗೆ ಏನು ಕಾಣಿಸುತ್ತದೆ, ಏನು ಕಾಣಿಸುವುದಿಲ್ಲ ಎಂಬುದು ಬಹಳ ಮಟ್ಟಿಗೆ ಇವರ ಕೈಯಲ್ಲಿದೆ. ಎದೆಯ ಎಕ್ಸ್‌ರೇಯನ್ನೇ ನೋಡಿ. ರೋಗಿ ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಬೇಕು, ಗದ್ದ ಮೇಲೆತ್ತಬೇಕು, ಭುಜಗಳನ್ನು ಮುಂದಕ್ಕೆ ಬಾಗಿಸಬೇಕು. ಇಲ್ಲವಾದರೆ ಹೆಗಲ ಮೂಳೆಗಳು ಶ್ವಾಸಕೋಶದ ಮೇಲೆ ನೆರಳಾಗಿ ಬೀಳುತ್ತವೆ. ಯಂತ್ರ ಸುಮಾರು ಆರು ಅಡಿ ದೂರದಲ್ಲಿರಬೇಕು. ಹತ್ತಿರವಾದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉಸಿರನ್ನು ಪೂರ್ತಿ ಎಳೆದು ಹಿಡಿಯಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಆರೋಗ್ಯವಂತರ ಶ್ವಾಸಕೋಶದ ಕೆಳಭಾಗವೂ ರೋಗ ಬಂದಂತೆ ಮಸುಕಾಗಿ ತೋರುತ್ತದೆ.

ಇಲ್ಲೇ ಭಾಷೆಯ ಪ್ರಶ್ನೆ ಬರುತ್ತದೆ. ನಮ್ಮ ಪುಸ್ತಕದ ಕನ್ನಡದಲ್ಲಿ "ದೀರ್ಘವಾಗಿ ಶ್ವಾಸ ತೆಗೆದುಕೊಳ್ಳಿ" ಎಂದರೆ ಅಲ್ಲಿನ ಅಜ್ಜಿ ಸುಮ್ಮನೆ ಮುಖ ನೋಡಿಯಾಳು. "ಉಸುರು ಎಳಕೊಂಡು ಬಿಗಿ ಹಿಡೀರಿ, ಅಳ್ಳಾಡಬ್ಯಾಡ್ರಿ" ಎಂದರೆ ಕೆಲಸ ಆಯಿತು. ಕನ್ನಡದ ಜೊತೆಗೆ ಉರ್ದು, ಗಡಿಯ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಆಡುವ ಜಿಲ್ಲೆ ಅದು. ರೋಗಿಯ ಭಾಷೆ ತಂತ್ರಜ್ಞರಿಗೆ ಬಾರದಿದ್ದರೆ ಜೊತೆಗಿದ್ದವರು ಮೊದಲೇ ಹೊರಗೆ ಒಂದೆರಡು ಸಲ ಉಸಿರು ಹಿಡಿಸಿ ಅಭ್ಯಾಸ ಮಾಡಿಸಬಹುದು. ಇದು ಚಿಕ್ಕ ಉಪಕಾರವಲ್ಲ.

ಎದೆಯ ಎಕ್ಸ್‌ರೇ ಆ ಭಾಗದಲ್ಲಿ ಮುಖ್ಯವಾಗಲು ಕಾರಣ ಕ್ಷಯರೋಗ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬರುವ ಕುಟುಂಬಗಳು ಅಲ್ಲಿ ಬಹಳ. ಇಕ್ಕಟ್ಟಿನ ಶೆಡ್ಡುಗಳ ವಾಸ, ಅರೆಹೊಟ್ಟೆ, ಕೆಮ್ಮು ಬಂದರೂ ಕೂಲಿ ಬಿಡದ ಸ್ಥಿತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ ಒಂದು ಸಂಗತಿ ಹೊರಬಿತ್ತು: ರೋಗಲಕ್ಷಣ ಮಾತ್ರ ಕೇಳಿ ಎದೆಯ ಎಕ್ಸ್‌ರೇ ತೆಗೆಯದೆ ಬಿಟ್ಟಿದ್ದರೆ ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 42ಕ್ಕೂ ಹೆಚ್ಚು ಮಂದಿ ಕಣ್ಣು ತಪ್ಪಿಸಿಕೊಳ್ಳುತ್ತಿದ್ದರು. ಈಗ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳೂ ಬಂದಿದ್ದು, ಶಿಬಿರಗಳಲ್ಲಿ ಬಳಕೆಯಾಗುತ್ತಿವೆ. ಎಕ್ಸ್‌ರೇಯಲ್ಲಿ ಸಂಶಯ ಕಂಡರೆ ಕಫ ಪರೀಕ್ಷೆ ಆಗಲೇಬೇಕು ಎಂಬುದು ನೆನಪಿರಲಿ.

ಎರಡನೆಯದು ನೀರಿನಿಂದ ಬರುವ ಕಾಯಿಲೆ. ಯಾದಗಿರಿ ಜಿಲ್ಲೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಬಾಗುವುದಿಲ್ಲ, ಕೀಲುಗಳು ಬಿಗಿಯುತ್ತವೆ. ಜನ ಇದನ್ನು ವಾಯು ಎಂದೋ ವಯಸ್ಸಾಯಿತು ಎಂದೋ ಭಾವಿಸಿ ನೋವಿನ ಮಾತ್ರೆ ನುಂಗುತ್ತಾರೆ. ಮುಂಗೈಯ ಒಂದು ಸಾದಾ ಎಕ್ಸ್‌ರೇ ತೆಗೆದರೆ ಎರಡು ಮೂಳೆಗಳ ನಡುವಿನ ತೆಳು ಪೊರೆ ಸುಣ್ಣಗಟ್ಟಿ ಬೆಳ್ಳಗಾಗಿರುವುದು ಕಾಣಬಹುದು. ಇದು ಫ್ಲೋರೋಸಿಸ್‌ನ ಸ್ಪಷ್ಟ ಗುರುತುಗಳಲ್ಲಿ ಒಂದು. ಹೀಗಾಗಿರುವ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಆದರೆ ಮನೆಯ ಮಕ್ಕಳಿಗೆ ಬೇರೆ ನೀರು ಕುಡಿಸಬಹುದಲ್ಲ! ಒಬ್ಬರ ಎಕ್ಸ್‌ರೇಯಲ್ಲಿ ಈ ಗುರುತು ಕಂಡರೆ ಆ ಓಣಿಯ ನೀರಿನ ಪರೀಕ್ಷೆ ಮಾಡಿಸಲು ಪಂಚಾಯತ್‌ಗೆ ಹೋಗಿ ಒತ್ತಾಯಿಸುವುದು ನಮ್ಮ ಕಾರ್ಯಕರ್ತರು ಮಾಡಬಹುದಾದ ಕೆಲಸ.

ಸಿ.ಟಿ. ಸ್ಕ್ಯಾನ್ ಕೂಡ ಎಕ್ಸ್‌ಕಿರಣವನ್ನೇ ಬಳಸುತ್ತದೆ. ಕಿರಣದ ಕೊಳವೆ ದೇಹದ ಸುತ್ತ ತಿರುಗುತ್ತದೆ, ಕಂಪ್ಯೂಟರ್ ಅದನ್ನು ಪದರ ಪದರವಾಗಿ ಜೋಡಿಸುತ್ತದೆ. ಮೊದಲ ಸಲ ರೋಗಿಯೊಬ್ಬರ ಮೆದುಳನ್ನು ಹೀಗೆ ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಇದರ ದೊಡ್ಡ ಉಪಯೋಗ ಲಕ್ವ ಹೊಡೆದಾಗ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಅಥವಾ ರಕ್ತನಾಳ ಒಡೆದಿದೆಯೋ ಎಂದು ಹೊರಗಿನಿಂದ ಹೇಳಲಾಗದು. ಹೆಪ್ಪು ಕರಗಿಸುವ ಮದ್ದನ್ನು ನಾಳ ಒಡೆದವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಆ ಮದ್ದು ಕೊಡಲು ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ತಾಸು. ಹಳ್ಳಿಯಿಂದ ಸುರಪುರ, ಅಲ್ಲಿಂದ ಶಹಾಪುರ, ಮತ್ತೆ ಮುಂದೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರೆ ಆ ತಾಸುಗಳು ದಾರಿಯಲ್ಲೇ ಮುಗಿಯುತ್ತವೆ. ಮುಖ ಸೊಟ್ಟಗಾಗಿ, ಕೈ ಬಿದ್ದುಹೋಗಿ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಈ ಹೊತ್ತಿನಲ್ಲಿ ಸಿ.ಟಿ. ಯಂತ್ರವೂ ಅದನ್ನು ನಡೆಸುವ ತಂತ್ರಜ್ಞರೂ ಎಲ್ಲಿದ್ದಾರೆ ಎಂದು ಕೇಳಿಯೇ ಹೊರಡಬೇಕು. ಎರಡನ್ನೂ ಕೇಳಬೇಕು. ತಂತ್ರಜ್ಞರಿಲ್ಲದ ರಾತ್ರಿಯಲ್ಲಿ ಯಂತ್ರವಿದ್ದೂ ಪ್ರಯೋಜನವಿಲ್ಲ. ಮದ್ದು ಹಾಕಿಸುವ ನೆಪದಲ್ಲಿ ನಾಟಿ ವೈದ್ಯರಲ್ಲಿಗೆ ಹೋಗಿ ಬರುವಷ್ಟು ಸಮಯ ಇರುವುದಿಲ್ಲ.

ಎಂ.ಆರ್.ಐ.ಯಲ್ಲಿ ಎಕ್ಸ್‌ಕಿರಣವಿಲ್ಲ, ಅಯಸ್ಕಾಂತವಿದೆ. ಅದು ರಾತ್ರಿಯೂ ಆಫ್ ಆಗಿರುವುದಿಲ್ಲ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋಗಿ, ಯಂತ್ರ ಸಿಲಿಂಡರನ್ನು ಸೆಳೆದುಕೊಂಡು ಪ್ರಾಣ ಕಳಕೊಂಡರು. ತಂತ್ರಜ್ಞರು ಬಾಗಿಲಲ್ಲಿ ನಿಲ್ಲಿಸಿ ಹತ್ತು ಪ್ರಶ್ನೆ ಕೇಳುವುದು ಈ ಕಾರಣಕ್ಕೆ. ಹೃದಯಕ್ಕೆ ಪೇಸ್‌ಮೇಕರ್ ಇದೆಯೇ, ಮೂಳೆಗೆ ರಾಡ್ ಹಾಕಿದ್ದಾರೆಯೇ, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತೇ ಎಂಬುದನ್ನು ಮುಚ್ಚಿಡಬಾರದು. ತಾಯತ, ಕಾಲುಂಗುರ, ಜಪಮಾಲೆ ಎಲ್ಲವೂ ಹೊರಗಿರಬೇಕು. ತಾಳಿ ತೆಗೆಯಲು ಹೆಂಗಸರು ಹೆದರುತ್ತಾರೆ. ಕೆಲವರು ಪರೀಕ್ಷೆಯೇ ಬೇಡವೆಂದು ಎದ್ದು ಬರುತ್ತಾರೆ. ಮನೆಯಿಂದ ಹೊರಡುವಾಗಲೇ ಅತ್ತೆಯೋ ಗಂಡನೋ ಒಪ್ಪಿಗೆ ಕೊಟ್ಟು, ಬೇಕಾದರೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ ಕಳುಹಿಸಿದರೆ ಈ ತೊಂದರೆ ಬಾರದು.

ಅಲ್ಟ್ರಾಸೌಂಡ್ ಧ್ವನಿ ತರಂಗದ ಪರೀಕ್ಷೆ, ವಿಕಿರಣದ ಭಯವಿಲ್ಲ. ಗರ್ಭಿಣಿಯರಿಗೆ ಅದನ್ನು ಮಾಡಲು ನಮ್ಮ ದೇಶದಲ್ಲಿ ಅರ್ಹತೆ ಇರುವ ವೈದ್ಯರಿಗೆ ಮಾತ್ರ ಅವಕಾಶ. ಮಗು ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು ಎರಡೂ 1994ರ ಕಾನೂನಿನಂತೆ ಅಪರಾಧ.

ವಿಕಿರಣದ ಬಗ್ಗೆ ಎರಡು ಮಾತು. ಒಂದು ಎದೆಯ ಎಕ್ಸ್‌ರೇಯಿಂದ ಬರುವ ವಿಕಿರಣ, ಮಣ್ಣು ಮತ್ತು ಆಕಾಶದಿಂದ ನಮಗೆ ಕೆಲವೇ ದಿನಗಳಲ್ಲಿ ಬರುವಷ್ಟು. ಎದೆ ಅಥವಾ ಹೊಟ್ಟೆಯ ಸಿ.ಟಿ.ಯಲ್ಲಿ ಅದು ಕೆಲವು ವರ್ಷಗಳಿಗೆ ಸಮ. ಆದುದರಿಂದ "ಡಾಕ್ಟ್ರೇ, ಒಂದು ಸ್ಕ್ಯಾನ್ ಬರೆದುಬಿಡಿ" ಎಂದು ನಾವಾಗಿ ಕೇಳುವುದು ಜಾಣತನವಲ್ಲ. ಹೆಂಗಸರು ಮುಟ್ಟು ತಪ್ಪಿದ್ದರೆ ಪರೀಕ್ಷೆಗೆ ಮೊದಲೇ ತಿಳಿಸಬೇಕು. ಗಂಡಸು ತಂತ್ರಜ್ಞರಲ್ಲಿ ಹೇಳಲು ನಾಚಿಕೆಯಾದರೆ ನರ್ಸ್ ಮೂಲಕವಾದರೂ ಹೇಳಿಸಬೇಕು. ರೋಗಿಗೆ ಇದು ಒಂದು ದಿನದ ಮಾತು, ತಂತ್ರಜ್ಞರಿಗೆ ದಿನನಿತ್ಯದ ಬಾಳು. ಅವರು ಎದೆಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಬ್ಯಾಡ್ಜ್ ಅವರಿಗೆ ತಗಲಿದ ವಿಕಿರಣವನ್ನು ಅಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗುತ್ತದೆ. ಸಣ್ಣ ಆಸ್ಪತ್ರೆ ನಡೆಸುವ ನಮ್ಮ ಸಂಸ್ಥೆಗಳು ಬ್ಯಾಡ್ಜ್ ಕೊಡುವುದನ್ನು, ಸೀಸದ ಏಪ್ರನ್‌ಗಳನ್ನು ಮಡಚದೆ ತೂಗುಹಾಕುವುದನ್ನು ಖರ್ಚೆಂದು ಕಡೆಗಣಿಸಬಾರದು. ಮಡಚಿದರೆ ಒಳಗಿನ ಸೀಸ ಬಿರಿಯುತ್ತದೆ.

ಹಳೆಯ ಫಿಲ್ಮ್‌ಗಳನ್ನು ಎಸೆಯದೆ ಮುಂದಿನ ಸಲ ಕೊಂಡುಹೋಗಬೇಕು. ಈಗಿನ ಕೆಲವು ಫಿಲ್ಮ್‌ಗಳು ಬಿಸಿಗೆ ಕಪ್ಪಾಗುತ್ತವೆ. ಯಾದಗಿರಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಸಿಕ್ಕಿಸಿಡುವ ಬದಲು ಪೆಟ್ಟಿಗೆಯ ತಳದಲ್ಲಿ ಇಡಲಿ.

ಈ ಕೆಲಸ ಕಲಿಯಲು ಡಿಪ್ಲೊಮಾ ಇದೆ, ವಿಜ್ಞಾನ ಪಿಯುಸಿಯ ನಂತರ ಪದವಿಯೂ ಇದೆ. ಮಂಗಳೂರಿನಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಸ್ಥಾಪಿಸಿದ ಸಂಸ್ಥೆಯೂ ಸೇರಿದಂತೆ ಹಲವು ಕಡೆ ಇದನ್ನು ಕಲಿಸುತ್ತಾರೆ. 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲೂ ಸರಕಾರಿ ಹುದ್ದೆಗಳಲ್ಲೂ ಮೀಸಲಾತಿ ಸಿಗುತ್ತದೆ. 2021ರ ಹೊಸ ಕಾಯಿದೆಯ ನಂತರ ಕೋರ್ಸುಗಳ ನಿಯಮ ಬದಲಾಗುತ್ತಿರುವುದರಿಂದ ಹಣ ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಹಾಸ್ಟೆಲ್, ಶಾಲೆಗಳನ್ನು ನಡೆಸುತ್ತಿರುವ ನಮ್ಮ ಭಗಿನಿಯರು ಶಹಾಪುರ, ಸುರಪುರ ಕಡೆಯ ಹುಡುಗಿಯರಿಗೆ ಹತ್ತನೇ ತರಗತಿಯಲ್ಲೇ ಈ ವಿಷಯ ತಿಳಿಸಲಿ.