ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ನಿರ್ವಹಣಾ ಮಾಹಿತಿ ವ್ಯವಸ್ಥೆ ಮತ್ತು ಅಪಾಯ

ನಿರ್ವಹಣಾ ಮಾಹಿತಿ ವ್ಯವಸ್ಥೆ ಎಂದರೆ ಒಂದು ಸಂಸ್ಥೆಯ ದಿನನಿತ್ಯದ ವ್ಯವಹಾರಗಳ ದಾಖಲೆಯನ್ನು ಸಂಗ್ರಹಿಸಿ, ಒಟ್ಟುಗೂಡಿಸಿ, ತೀರ್ಮಾನ ಕೈಗೊಳ್ಳುವವರಿಗೆ ವರದಿಯ ರೂಪದಲ್ಲಿ ಒದಗಿಸುವ ಏರ್ಪಾಡು. ಎಂ.ಐ.ಎಸ್. ಎಂಬ ಸಂಕ್ಷಿಪ್ತ ಹೆಸರೂ ಬಳಕೆಯಲ್ಲಿದೆ. ಸರ್ಕಾರದ ಒಡೆತನದಲ್ಲಿದ್ದು, ಪ್ರತ್ಯೇಕ ನಿಯಂತ್ರಕ ಸಂಸ್ಥೆಯೊಂದರ ಮೇಲ್ವಿಚಾರಣೆಗೂ ಒಳಪಟ್ಟಿರುವ ಉದ್ಯಮಗಳಲ್ಲಿ ಈ ವ್ಯವಸ್ಥೆಯ ಹೊಣೆ ಹೆಚ್ಚಿನದು. ಅಲ್ಲಿ ಒಂದೇ ಮಾಹಿತಿಯು ಶಾಖೆಯ ವ್ಯವಸ್ಥಾಪಕರಿಗೆ, ಆಡಳಿತ ಮಂಡಳಿಗೆ, ಒಡೆಯನಾದ ಸರ್ಕಾರಕ್ಕೆ ಮತ್ತು ನಿಯಂತ್ರಕರಿಗೆ ಬೇರೆ ಬೇರೆ ರೂಪದಲ್ಲಿ ತಲುಪಬೇಕಾಗುತ್ತದೆ. ಭಾರತದ ರಾಷ್ಟ್ರೀಕೃತ ಬ್ಯಾಂಕುಗಳು ಇಂತಹ ಉದ್ಯಮಗಳು. 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಬೆಳಕಿಗೆ ಬಂದ ವಂಚನೆಯು ಈ ವಿಷಯದ ಅಧ್ಯಯನದಲ್ಲಿ ಮುಖ್ಯ ಪ್ರಕರಣವಾಗಿದೆ.

ಪರಿಕಲ್ಪನೆ

ಅಮೆರಿಕದ ವಿದ್ವಾಂಸ ರಾಬರ್ಟ್ ಆಂಥೋನಿ 1965ರಲ್ಲಿ ನಿರ್ವಹಣೆಯ ಕೆಲಸವನ್ನು ದಿನನಿತ್ಯದ ಕಾರ್ಯನಿಯಂತ್ರಣ, ನಿರ್ವಹಣಾ ನಿಯಂತ್ರಣ ಮತ್ತು ದೂರದೃಷ್ಟಿಯ ಯೋಜನೆ ಎಂದು ಮೂರು ಹಂತಗಳಾಗಿ ವಿಂಗಡಿಸಿದರು. ಕೆಳಗಿನ ಹಂತದಲ್ಲಿ ಪ್ರತಿಯೊಂದು ಚೀಟಿಯೂ ಕಾಣುತ್ತದೆ. ಮೇಲಕ್ಕೆ ಹೋದಂತೆ ಮೊತ್ತಗಳು ಮಾತ್ರ ಉಳಿಯುತ್ತವೆ. ಆದುದರಿಂದ ಕೆಳಗೆ ನಮೂದಾಗದ ವ್ಯವಹಾರವು ಮೇಲಿನವರ ಪಾಲಿಗೆ ನಡೆದೇ ಇಲ್ಲ ಎಂಬಂತಾಗುತ್ತದೆ.

ಬ್ಯಾಂಕುಗಳ ಮೇಲ್ವಿಚಾರಣೆಗೆ ಸಂಬಂಧಿಸಿದ ಬಾಸೆಲ್ ಸಮಿತಿಯು ಸಾಲದ ಅಪಾಯ ಮತ್ತು ಮಾರುಕಟ್ಟೆಯ ಅಪಾಯಗಳ ಜೊತೆಗೆ ಕಾರ್ಯಾಚರಣೆಯ ಅಪಾಯವನ್ನೂ ಗುರುತಿಸಿದೆ. ಸಂಸ್ಥೆಯೊಳಗಿನ ಕಾರ್ಯವಿಧಾನ, ಜನರು ಮತ್ತು ವ್ಯವಸ್ಥೆಗಳ ಕೊರತೆ ಅಥವಾ ವೈಫಲ್ಯದಿಂದ, ಇಲ್ಲವೇ ಹೊರಗಿನ ಘಟನೆಗಳಿಂದ ಉಂಟಾಗಬಹುದಾದ ನಷ್ಟದ ಸಾಧ್ಯತೆಯೇ ಇದು. 2013ರ ಜನವರಿಯಲ್ಲಿ ಇದೇ ಸಮಿತಿಯು ಅಪಾಯದ ಮಾಹಿತಿಯನ್ನು ಒಟ್ಟುಗೂಡಿಸಿ ವರದಿ ಮಾಡುವ ಬಗ್ಗೆ 14 ತತ್ತ್ವಗಳನ್ನು ಪ್ರಕಟಿಸಿತು.

ಹಿನ್ನೆಲೆ

1969ರ ಜುಲೈ 19ರಂದು 14 ಬ್ಯಾಂಕುಗಳೂ 1980ರ ಏಪ್ರಿಲ್ 15ರಂದು ಇನ್ನೂ 6 ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಮೊದಲ ಗುಂಪಿನಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ಎರಡನೆಯ ಗುಂಪಿನಲ್ಲಿ ಸೇರಿದ್ದವು. ಗಣಕೀಕರಣಕ್ಕೆ ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿಗಳ 1984 ಮತ್ತು 1989ರ ವರದಿಗಳು ದಾರಿ ತೋರಿದವು. ಉದ್ಯೋಗ ನಷ್ಟದ ಭೀತಿಯಿಂದ ನೌಕರರ ಸಂಘಗಳು ಅದನ್ನು ವಿರೋಧಿಸಿದ್ದೂ ಉಂಟು.

ಲೆಡ್ಜರ್ ಪುಸ್ತಕಗಳ ಕಾಲದಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕುತ್ತಿದ್ದರು. ಕೆಲಸ ನಿಧಾನವಾಗಿತ್ತಾದರೂ ಎರಡು ಜೊತೆ ಕಣ್ಣುಗಳು ಒಂದೇ ಪುಟದ ಮೇಲೆ ಹಾಯುತ್ತಿದ್ದವು. ಮುಂದೆ ಬಂದ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯು ಎಲ್ಲ ಶಾಖೆಗಳ ಖಾತೆಗಳನ್ನು ಒಂದೇ ಕೇಂದ್ರದಲ್ಲಿ ಜೋಡಿಸಿತು. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ರೂಪಿಸಿದ ಫಿನಾಕಲ್ ಇಂತಹ ತಂತ್ರಾಂಶಗಳಲ್ಲಿ ಒಂದು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಬಳಸುತ್ತಿದ್ದುದೂ ಇದನ್ನೇ.

ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣ

ವಿದೇಶದಿಂದ ಸರಕು ತರಿಸುವ ವ್ಯಾಪಾರಿಗೆ ವಿದೇಶಿ ಕರೆನ್ಸಿಯಲ್ಲಿ ಅಲ್ಪಾವಧಿ ಸಾಲ ಬೇಕಾದಾಗ, ಅವನ ಬ್ಯಾಂಕು ಹೊರದೇಶದಲ್ಲಿರುವ ಮತ್ತೊಂದು ಬ್ಯಾಂಕಿನ ಶಾಖೆಗೆ ಭರವಸೆಯ ಪತ್ರವೊಂದನ್ನು ಕಳುಹಿಸುತ್ತಿತ್ತು. ಲೆಟರ್ ಆಫ್ ಅಂಡರ್‌ಟೇಕಿಂಗ್ ಎಂದು ಕರೆಯಲಾಗುತ್ತಿದ್ದ ಈ ಪತ್ರದ ಬಲದಿಂದ ಆ ಶಾಖೆ ಹಣ ನೀಡುತ್ತಿತ್ತು. ವ್ಯಾಪಾರಿ ತೀರಿಸದಿದ್ದರೆ ಭರವಸೆ ಕೊಟ್ಟ ಬ್ಯಾಂಕೇ ತೀರಿಸಬೇಕು. ಪತ್ರ ಸಾಗುತ್ತಿದ್ದುದು ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ. ಸ್ವಿಫ್ಟ್ ಸಂದೇಶವನ್ನಷ್ಟೇ ಒಯ್ಯುತ್ತದೆ. ಕಳುಹಿಸುವ ಬ್ಯಾಂಕಿನ ಲೆಕ್ಕವನ್ನು ಬರೆಯುವುದಿಲ್ಲ.

ಮುಂಬೈಯ ಬ್ರಾಡಿ ಹೌಸ್ ಶಾಖೆಯಲ್ಲಿ ಸ್ವಿಫ್ಟ್ ಮತ್ತು ಕೋರ್ ಬ್ಯಾಂಕಿಂಗ್ ವ್ಯವಸ್ಥೆಗಳ ನಡುವೆ ಕೊಂಡಿ ಇರಲಿಲ್ಲ. ಸಂದೇಶ ಕಳುಹಿಸಿದ ಮೇಲೆ ಸಿಬ್ಬಂದಿಯೇ ಕೈಯಾರೆ ಅದನ್ನು ಕೋರ್ ವ್ಯವಸ್ಥೆಯಲ್ಲಿ ನಮೂದಿಸಬೇಕಾಗಿತ್ತು. ಶಾಖೆಯ ಕೆಲವು ಸಿಬ್ಬಂದಿ ವಜ್ರವ್ಯಾಪಾರಿ ನೀರವ್ ಮೋದಿ ಮತ್ತು ಮೆಹುಲ್ ಚೋಕ್ಸಿ ಅವರಿಗೆ ಸಂಬಂಧಿಸಿದ ಕಂಪನಿಗಳ ಪರವಾಗಿ, ಮಂಜೂರಾದ ಸಾಲದ ಮಿತಿಯಿಲ್ಲದೆಯೇ ಭರವಸೆ ಪತ್ರಗಳನ್ನು ಕಳುಹಿಸಿ, ನಮೂದನ್ನು ಬಿಟ್ಟುಬಿಟ್ಟರೆಂಬುದು ತನಿಖಾ ಸಂಸ್ಥೆಗಳ ಆರೋಪ. ಹಳೆಯ ಸಾಲವನ್ನು ಹೊಸ ಪತ್ರದಿಂದ ತೀರಿಸುತ್ತ ಹೋದುದರಿಂದ ಯಾವ ಬ್ಯಾಂಕಿನಿಂದಲೂ ದೂರು ಬರಲಿಲ್ಲ.

2018ರ ಜನವರಿಯಲ್ಲಿ ಇದೇ ಕಂಪನಿಗಳು ಮತ್ತೆ ಪತ್ರ ಕೋರಿ ಬಂದಾಗ, ಹೊಸ ಅಧಿಕಾರಿಗಳು ಪೂರ್ಣ ಮೊತ್ತವನ್ನು ಮುಂಚಿತವಾಗಿ ಠೇವಣಿ ಇಡುವಂತೆ ಕೇಳಿದರು. ಹಿಂದೆ ಹಾಗೆ ಕೇಳಿರಲಿಲ್ಲವೆಂದು ಕಂಪನಿಯವರು ವಾದಿಸಿದರು. ಹಿಂದಿನ ವ್ಯವಹಾರಕ್ಕಾಗಿ ಕೋರ್ ವ್ಯವಸ್ಥೆಯಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಹೀಗೆ ವಂಚನೆಯನ್ನು ಹೊರಗೆಡಹಿದ್ದು ಯಾವುದೇ ಎಚ್ಚರಿಕೆಯ ವರದಿಯಲ್ಲ, ಕೌಂಟರಿನ ಬಳಿ ನಡೆದ ಒಂದು ವಾದ. ಫೆಬ್ರವರಿ 14ರಂದು ಬ್ಯಾಂಕು ಸುಮಾರು 177 ಕೋಟಿ ಡಾಲರ್, ಎಂದರೆ ಸುಮಾರು 11,400 ಕೋಟಿ ರೂಪಾಯಿಗಳ ಅನಧಿಕೃತ ವ್ಯವಹಾರವನ್ನು ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಿತು. ಅನಂತರ ಈ ಮೊತ್ತ 13,000 ಕೋಟಿಯನ್ನು ದಾಟಿತು.

ಅಪಾಯವು ಮೊದಲೇ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣವನ್ನು ಸ್ವಿಫ್ಟ್ ಸಂದೇಶಗಳ ಮೂಲಕವೇ ದೋಚಲಾಗಿತ್ತು. ಆಗಸ್ಟ್ 2016ರಿಂದ ಕನಿಷ್ಠ ಮೂರು ಬಾರಿ ಬ್ಯಾಂಕುಗಳನ್ನು ಗೋಪ್ಯವಾಗಿ ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕ್ 2018ರ ಫೆಬ್ರವರಿ 20ರಂದು ಪ್ರಕಟಿಸಿತು. ಎಚ್ಚರಿಕೆ ತಲುಪಿತ್ತು, ಪಾಲನೆ ಆಗಲಿಲ್ಲ. ಮಾರ್ಚ್ 13ರಂದು ಆಮದು ಸಾಲಕ್ಕಾಗಿ ಇಂತಹ ಪತ್ರಗಳನ್ನು ನೀಡುವ ಪದ್ಧತಿಯನ್ನೇ ಅದು ನಿಲ್ಲಿಸಿತು. ಸ್ವಿಫ್ಟ್ ಸಂಬಂಧಿ ನಿರ್ದೇಶನಗಳನ್ನು ಪಾಲಿಸದ ಕಾರಣ 2019ರ ಮಾರ್ಚ್‌ನಲ್ಲಿ 36 ಬ್ಯಾಂಕುಗಳಿಗೆ ಒಟ್ಟು 71 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. ಪಂಜಾಬ್ ನ್ಯಾಷನಲ್ ಬ್ಯಾಂಕಿಗೂ ಅದೇ ತಿಂಗಳು 2 ಕೋಟಿ ರೂಪಾಯಿ ದಂಡ ಬಿದ್ದಿತು. ನಷ್ಟದ ಮುಂದೆ ಇದು ಅತ್ಯಲ್ಪ.

ಒಡೆತನ ಮತ್ತು ನಿಯಂತ್ರಣ

2018ರ ಮಾರ್ಚ್ 14ರಂದು ಗಾಂಧಿನಗರದ ಗುಜರಾತ್ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ರಿಸರ್ವ್ ಬ್ಯಾಂಕಿನ ಗವರ್ನರ್ ಊರ್ಜಿತ್ ಪಟೇಲ್ ಕಾನೂನಿನ ಒಂದು ಅಂತರವನ್ನು ಎತ್ತಿ ತೋರಿಸಿದರು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಖಾಸಗಿ ಬ್ಯಾಂಕಿನ ನಿರ್ದೇಶಕರನ್ನು ತೆಗೆದುಹಾಕುವ, ಆಡಳಿತ ಮಂಡಳಿಯನ್ನು ಬದಿಗೊತ್ತುವ ಅಧಿಕಾರ ರಿಸರ್ವ್ ಬ್ಯಾಂಕಿಗಿದೆ. ರಾಷ್ಟ್ರೀಕೃತ ಬ್ಯಾಂಕುಗಳ ವಿಷಯದಲ್ಲಿ ಈ ಅಧಿಕಾರವಿಲ್ಲ; ಅದು ಸರ್ಕಾರದ ಕೈಯಲ್ಲಿದೆ. ಮಾಹಿತಿ ಕೇಳುವವರೊಬ್ಬರು, ಕ್ರಮ ಕೈಗೊಳ್ಳಬೇಕಾದವರು ಮತ್ತೊಬ್ಬರು ಎಂಬ ಈ ಸ್ಥಿತಿಯನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ಆದರೂ ಶಾಖೆಯ ಪ್ರತಿಯೊಂದು ಸಂದೇಶವನ್ನು ನಿಯಂತ್ರಕರು ನೋಡಲಾರರೆಂಬುದನ್ನೂ ಒಪ್ಪಬೇಕು. ಮೊದಲ ಹೊಣೆ ಬ್ಯಾಂಕಿನದೇ.

ಅಧ್ಯಯನದ ಆಕರಗಳು

ಈ ವಿಷಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಒಂದೇ ಒಂದು ವ್ಯವಹಾರವನ್ನು ಆರಿಸಿಕೊಂಡು, ಅದು ಎಲ್ಲಿ ಹುಟ್ಟಿ, ಯಾರ ಕೈಯಲ್ಲಿ ನಮೂದಾಗಿ, ಯಾವ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸುವುದು ಉಪಯುಕ್ತ. ಕೈಯಿಂದ ಮರುನಮೂದು ಮಾಡುವ ಜಾಗಗಳನ್ನು ವಿಶೇಷವಾಗಿ ಗುರುತಿಸಬೇಕು. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಗಳು ಸಾರ್ವಜನಿಕವಾಗಿ ಲಭ್ಯವಿವೆ. ರಿಸರ್ವ್ ಬ್ಯಾಂಕ್ ಮತ್ತು ಜಯಂತಿಲಾಲ್ ಮಿಸ್ತ್ರಿ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಡಿಸೆಂಬರ್ 16ರಂದು, ಬ್ಯಾಂಕುಗಳ ತಪಾಸಣೆಯ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೀಡಬೇಕೆಂಬ ನಿಲುವನ್ನು ಎತ್ತಿಹಿಡಿಯಿತು.

ಬ್ಯಾಂಕುಗಳ ಹೊರಗೆ ಉದಾಹರಣೆ ಬೇಕಾದವರು ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳನ್ನು ನೋಡಬಹುದು. ಬೆಸ್ಕಾಂ ಮೊದಲಾದ ಇವು ಸರ್ಕಾರಿ ಕಂಪನಿಗಳಾದರೂ ದರ ನಿಗದಿಗಾಗಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಒಪ್ಪಿಸಬೇಕು. ಆಯೋಗದ ದರ ಆದೇಶಗಳಲ್ಲಿ ವಿತರಣಾ ನಷ್ಟದ ಅಂಕಿಗಳೂ ಅವುಗಳ ಪರಿಶೀಲನೆಯೂ ದೊರೆಯುತ್ತವೆ. ಮೀಟರು ಇಲ್ಲದ ನೀರಾವರಿ ಪಂಪುಗಳ ಬಳಕೆಯನ್ನು ಅಂದಾಜಿನಿಂದ ಲೆಕ್ಕ ಹಾಕಬೇಕಾಗುವುದರಿಂದ, ಆ ಅಂದಾಜಿನಲ್ಲಿ ತಪ್ಪಿದರೆ ನಷ್ಟದ ಅಂಕಿಯೂ ತಪ್ಪುತ್ತದೆ.