ನಿಮಗಿದು ಗೊತ್ತೇ? ಒಂದೇ ಸೀಮೆ, ನಾಲ್ಕು ಸರಕಾರ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಗೆ ಇಂದು ಇರುವುದು ಒಂದೇ ನಗರಸಭೆ. ಆದರೆ 1948ರವರೆಗೆ ಈ ಜೋಡಿ ಊರುಗಳ ಒಡೆಯರು ಬೇರೆ ಬೇರೆಯಾಗಿದ್ದರು ಎಂಬುದು ಗೊತ್ತೇ? ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬನಹಟ್ಟಿಯ ನೇಕಾರ ನೂಲು ತರಲು ರಬಕವಿ ಪೇಟೆಗೆ ಹೊರಟರೆ ಸಾಕು, ಇನ್ನೊಬ್ಬ ದೊರೆಯ ಸೀಮೆಗೆ ಕಾಲಿಟ್ಟ ಹಾಗೆ.

ಪಕ್ಕದ ಮುಧೋಳ ಸಂಸ್ಥಾನ ಘೋರ್ಪಡೆ ಮನೆತನದ್ದು. ಹತ್ತಿರದ ಬೀಳಗಿಗೆ ಆಗ ದೊರೆಯೇ ಇರಲಿಲ್ಲ, ಅದು ಬ್ರಿಟಿಷರ ಮುಂಬಯಿ ಪ್ರಾಂತದ ನೆಲ. ಮೊದಲು ಕಲಾದಗಿ ಜಿಲ್ಲೆ. 1885ರಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋದ ಮೇಲೆ ವಿಜಾಪುರ ಜಿಲ್ಲೆ.

ಜಮಖಂಡಿ, ಮುಧೋಳಗಳ ಬೇರುಗಳೇ ಎದುರುಬದುರು. ಮುಧೋಳದ ಘೋರ್ಪಡೆಯವರು ವಿಜಾಪುರದ ಆದಿಲಶಾಹಿಯ ಸರದಾರರು. ಶಿವಾಜಿಯ ತಂದೆ ಶಹಾಜಿಯನ್ನು 1648ರಲ್ಲಿ ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆ ಪ್ರಮುಖ. ಆ ಸೇಡಿಗೆ ಶಿವಾಜಿ ಮುಧೋಳದ ಮೇಲೆ ಏರಿಬಂದು ಬಾಜಿಯನ್ನು ಕೊಂದ. ಜಮಖಂಡಿಯ ಪಟವರ್ಧನರಾದರೋ ಪೇಶ್ವೆಯ ಸೇನೆಯಲ್ಲಿ ಮೇಲೆ ಬಂದವರು. ಮನೆತನದ ಜಹಗೀರು ಹಂಚಿಕೆಯಾಗಿ 1811ರಲ್ಲಿ ಜಮಖಂಡಿ ಬೇರೆ ಸಂಸ್ಥಾನವಾಯಿತು.

ಯಾವುದು ದೊಡ್ಡದು? 1901ರ ಜನಗಣತಿಯಲ್ಲಿ ಜಮಖಂಡಿ ಸಂಸ್ಥಾನದಲ್ಲಿ 1,05,357 ಜನ, ಮುಧೋಳದಲ್ಲಿ 63,001. ಆದರೂ ಬ್ರಿಟಿಷರು 9 ತೋಪುಗಳ ಗೌರವ ಕೊಟ್ಟದ್ದು ಮುಧೋಳದ ರಾಜರಿಗೆ. ಜಮಖಂಡಿಗೆ ಒಂದೂ ಇಲ್ಲ! ಪ್ರಜೆಗಳ ಸಂಖ್ಯೆಗೂ ತೋಪಿನ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ.

ಹುಬ್ಬಳ್ಳಿ ಪಕ್ಕದ ಕುಂದಗೋಳ ಕೂಡ ಜಮಖಂಡಿಗೇ ಸೇರಿತ್ತು. ಗಾಯಕ ಸವಾಯಿ ಗಂಧರ್ವರ ಆ ಊರಿನಿಂದ ರಾಜಧಾನಿಗೆ ಬರಬೇಕಾದರೆ ನಡುವೆ ಪರರಾಜ್ಯಗಳನ್ನು ದಾಟಬೇಕಿತ್ತು.

ಎದುರಾಳಿ ಮನೆತನಗಳು ಒಂದು ವಿಷಯದಲ್ಲಿ ಮಾತ್ರ ಒಂದೇ: ಪ್ರಜೆಗಳ ಮಾತು ಕನ್ನಡ, ದರ್ಬಾರಿನ ದಫ್ತರು ಮರಾಠಿ. ತನ್ನ ಹೊಲದ ಕಾಗದ ಓದಿಸಿಕೊಳ್ಳಲು ರೈತ ಇನ್ನೊಬ್ಬರ ಮುಂದೆ ನಿಲ್ಲಬೇಕಿತ್ತು. ಎರಡೂ ಆಡಳಿತಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಬ್ರಿಟಿಷರ ವಿರುದ್ಧದ ದಂಗೆಗೆ ಹೆಸರಾದ ಹಲಗಲಿ ಯಾವ ಸಂಸ್ಥಾನದ ಹಳ್ಳಿ ಗೊತ್ತೇ? ಮುಧೋಳದ್ದು. ತಮ್ಮ ದೊರೆ ಘೋರ್ಪಡೆಯಾದರೂ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯ್ದೆ ಹಲಗಲಿಯ ಬೇಡರ ಮೇಲೂ ಬಿತ್ತು. ಬೇಟೆಯೇ ಬದುಕಾದವರು ಅದನ್ನು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳ, ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ತನ್ನ ಪ್ರಜೆಗಳನ್ನು ಕಾಯಲಾಗದ ಸಂಸ್ಥಾನದ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರವಿತ್ತು ಎಂಬುದನ್ನು ಹಲಗಲಿ ಒಂದೇ ಏಟಿಗೆ ತೋರಿಸಿಕೊಟ್ಟಿತು. ಈ ದಂಗೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಒಬ್ಬ ಬ್ರಿಟಿಷ್ ಅಧಿಕಾರಿಯೇ, ಶಾಸನತಜ್ಞ ಜೆ.ಎಫ್. ಫ್ಲೀಟ್. ದಂಗೆಯ ಆ ದಿನಗಳಲ್ಲಿ ಜಮಖಂಡಿಯ ದೊರೆ ಅಪ್ಪಾಸಾಹೇಬ ಪಟವರ್ಧನರ ಮೇಲೂ ಬ್ರಿಟಿಷರ ಸಂಶಯದ ಕಣ್ಣು ಬಿದ್ದಿತ್ತು.

ಪುಣೆಯ ಹೆಸರಾಂತ ಎಸ್.ಪಿ. ಕಾಲೇಜಿನ ಹೆಸರಿನಲ್ಲಿರುವ 'ಸರ್ ಪರಶುರಾಮಭಾವು' ಜಮಖಂಡಿಯ ದೊರೆ. 1916ರಲ್ಲಿ ನ್ಯೂ ಪೂನಾ ಕಾಲೇಜ್ ಎಂದು ಶುರುವಾದದ್ದು, ಜಮಖಂಡಿಯ ದೇಣಿಗೆ ಬಂದ ಮೇಲೆ ಈ ಹೆಸರು ಪಡೆಯಿತು. ಕೊಟ್ಟ ಕೈ ದೊಡ್ಡದು, ಸಂಶಯವಿಲ್ಲ. ಆದರೆ ಕೃಷ್ಣೆಯ ದಡದ ಸಂಸ್ಥಾನದ ಹಣ ಕೃಷ್ಣೆಯ ದಡದಲ್ಲೇ ಒಂದು ಕಾಲೇಜು ಕಟ್ಟಿದ್ದರೆ ಎಂದು ಮನಸ್ಸು ಮಿಡಿಯುತ್ತದೆ.

ಮುಧೋಳದ ಹೆಸರು ದೂರ ಮುಟ್ಟಿದ್ದು ನಾಯಿಯಿಂದ. ಬೇಟೆನಾಯಿಯ ಆ ತಳಿಯನ್ನು ಜತನ ಮಾಡಿ ಉಳಿಸಿದವರು ರಾಜಾ ಮಾಲೋಜಿರಾವ್ ಘೋರ್ಪಡೆ. ಈಗ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ.

1947ರ ಕೊನೆಗೆ ಸಾಂಗ್ಲಿ, ಔಂಧ, ರಾಮದುರ್ಗ ಸೇರಿ ಎಂಟು ಸಂಸ್ಥಾನಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಜಮಖಂಡಿ, ಮುಧೋಳ ಆ ಎಂಟರಲ್ಲಿ ಇರಲಿಲ್ಲ. ಒಕ್ಕೂಟವೂ ಬಹುಕಾಲ ಬಾಳಲಿಲ್ಲ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳಗಳೆರಡೂ ಮುಂಬಯಿ ರಾಜ್ಯಕ್ಕೆ ಸೇರಿದವು. 1956ರಲ್ಲಿ ಮೈಸೂರಿಗೆ ಬಂದವು. 1997ರಿಂದ ಬಾಗಲಕೋಟೆ ಜಿಲ್ಲೆ.

ಜಮಖಂಡಿ ಸಂಸ್ಥಾನದ ಕೊನೆಯ ದಿವಾನರು ಯಾರು ಗೊತ್ತೇ? ಸಾವಳಗಿಯ ಬಿ.ಡಿ. ಜತ್ತಿ. ಜಮಖಂಡಿ ಪುರಸಭೆಯಿಂದ ಹೊರಟವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ, ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕೆಂದು ಕೇಂದ್ರದ ಜನತಾ ಸರಕಾರ ಸಲಹೆ ಕೊಟ್ಟಿತು. ಜತ್ತಿಯವರು ಮೊದಲು ಹಿಂದೇಟು ಹಾಕಿದರು, ಆಮೇಲೆ ಸಹಿ ಮಾಡಿದರು.